ಮಳೆಯಿಲ್ಲದ ತಿಂಗಳಲ್ಲಿ ಏರಿದ ನೀರು

ನದಿಯ ಮಟ್ಟ ಓದುವ ಏಳನೆಯ ಗೇಜನ್ನು ನಾನು ಲೆಕ್ಕದಿಂದ ಹೊಡೆದುಹಾಕಿದ್ದು ಒಂದು ಮಂಗಳವಾರ ಬೆಳಿಗ್ಗೆ. ತಂದಿಟ್ಟ ಕಾಫಿ ಆರುವುದರೊಳಗೆ ಕೆಲಸ ಮುಗಿದಿತ್ತು. ಕೆಂಪು ಪೆನ್ನಿನಿಂದ ಆ ಅಂಕಣದ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಎಳೆದು, ‘ಮನೆಯಲ್ಲಿ ಕೂತು ಬರೆದ ಲೆಕ್ಕ, ಬಳಸಬಾರದು’ ಎಂಬರ್ಥದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಗೀಚಿ, ಕೆಳಗೆ ನನ್ನ ಇನಿಷಿಯಲ್ ಹಾಕಿದೆ. ಹಾಕುವಾಗ ಖುಷಿಯಾಗಿತ್ತು. ಸುಳ್ಳೇಕೆ ಹೇಳಲಿ, ಕಳ್ಳನನ್ನು ಹಿಡಿದ ಖುಷಿ ಅದು.

ಆಗ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ, ಮಾರಿಸ್‌ಟೌನಿನ ಒಂದು ಇಂಜಿನಿಯರಿಂಗ್ ಕಂಪನಿಯಲ್ಲಿದ್ದೆ. ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ನಮ್ಮದು ನೀರಿನ ಕಂಪನಿಯಾದ್ದರಿಂದ ಇನ್ನೂ ನಡೆಯುತ್ತಿತ್ತು. ಕೈಯಲ್ಲಿದ್ದ ಕೆಲಸ ದಕ್ಷಿಣ ಅಮೆರಿಕದಲ್ಲಿ, ಬ್ರೆಜಿಲಿನ ಕಡೆಯ ಪಂತನಾಲ್ ಎಂಬ ಜೌಗು ಪ್ರದೇಶದ್ದು. ಜೌಗು ಎಂದರೆ ನಮ್ಮ ಕಡೆಯ ಕೆರೆಯ ಹಿನ್ನೀರು ನೆನಪಾಗುತ್ತದೆ, ಅದಲ್ಲ. ನಾಲ್ಕೈದು ಜಿಲ್ಲೆ ದಾಟಿದರೂ ಮುಗಿಯದ ಹುಲ್ಲುಗಾವಲು. ವರ್ಷದ ಅರ್ಧ ನೀರಿನ ಕೆಳಗೆ, ಉಳಿದರ್ಧ ಬಿಸಿಲಲ್ಲಿ. ಅದರ ನಡುವೆ ಒಂದು ದೊಡ್ಡ ನದಿ. ನದಿಯ ತಳದಲ್ಲಿ ಒಂದು ಕಡೆ ಅಡ್ಡಲಾಗಿ ಬಂಡೆಯ ಹಾಸು ಇದೆ. ಸರಕಿನ ದೋಣಿಗಳಿಗೆ ಅದು ತೊಡಕು, ಸಿಡಿಸಿ ತೆಗೆಯೋಣ ಎಂಬುದು ಕೆಲಸ ಕೊಟ್ಟವರ ಯೋಚನೆ. ಬಂಡೆ ತೆಗೆದರೆ ಮೇಲ್ಭಾಗದಲ್ಲಿ ನೀರಿನ ಮಟ್ಟ ಎಷ್ಟು ಇಳಿಯುತ್ತದೆ, ಇಷ್ಟೇ ನಮಗೆ ಕೇಳಿದ ಪ್ರಶ್ನೆ. ಕಂಪ್ಯೂಟರಿನಲ್ಲಿ ಆ ನದಿಯನ್ನು ಕಟ್ಟಿ ಉತ್ತರ ಹೇಳುವುದು ನನ್ನ ಪಾಲಿಗೆ ಬಂದಿತ್ತು.

ಬಾಗಲಕೋಟೆಯ ಕಡೆಯ ಕಾಲುವೆಗಳ ಮೇಲೆ ಆರು ವರ್ಷ ಕೆಲಸ ಮಾಡಿ ಬಂದವಳು ನಾನು. ಅಲ್ಲಿ ಒಬ್ಬ ನೀರಗಂಟಿ ಇದ್ದ. ಗೇಜಿನ ಹತ್ತಿರ ಕಾಲೇ ಇಡದೆ, ಕಟ್ಟೆಯ ಮೇಲೆ ಕೂತು ತಿಂಗಳ ರಿಜಿಸ್ಟರು ತುಂಬುತ್ತಿದ್ದ. ಅವನನ್ನು ಹಿಡಿದವಳು ನಾನೇ. ಆವತ್ತಿನಿಂದ ಅಂಥ ರಿಜಿಸ್ಟರು ನನ್ನ ಮೂಗಿಗೇ ಬಡಿಯುತ್ತದೆ. ಒಂದೇ ಶಾಯಿ, ಒಂದೇ ಕೈಬರಹ, ಒಂದೂ ಚಿತ್ತಿಲ್ಲ. ನಿಜವಾಗಿ ನೀರಿನ ದಡಕ್ಕೆ ಹೋಗಿ ಬರೆದ ಪುಸ್ತಕ ಅಷ್ಟು ಮಡಿಯಾಗಿ ಇರುವುದಿಲ್ಲ.

ಏಳನೆಯ ಗೇಜು, ಅಳತೆ ಗುರುತಿನ ಒಂದು ಗೂಟ, ಬಂಡೆಯಿಂದ ಬಹಳ ಮೇಲೆ, ಒಂದು ದನದ ಫಾರ್ಮಿನ ಅಂಚಿನಲ್ಲಿತ್ತು. ಅಲ್ಲಿಯ ದನ ಕಾಯುವವನೇ ದಿನಾ ನೀರಿನ ಮಟ್ಟ ಓದಿ ಬರೆಯುತ್ತಿದ್ದ. ಅವನ ಪುಟಗಳು ಫ್ಯಾಕ್ಸಿನಲ್ಲಿ ಬಂದವು. ಒಂದೇ ಶಾಯಿ, ಒಂದೇ ಕೈ, ಚಿತ್ತಿಲ್ಲ. ಸಾಲದ್ದಕ್ಕೆ ಜೂನ್ ತಿಂಗಳ ಮಳೆಯ ಅಂಕಣದಲ್ಲಿ ಸಾಲಾಗಿ ಸೊನ್ನೆ, ಪಕ್ಕದ ಅಂಕಣದಲ್ಲಿ ನೀರು ದಿನದಿನಕ್ಕೂ ಏರಿಕೆ. ಮಳೆಯಿಲ್ಲದೆ ನೀರು ಏರುತ್ತದಂತೆ! ಸುಳ್ಳು ಬರೆಯುವುದಕ್ಕೂ ಒಂದು ಅಂದಾಜು ಬೇಡವೇ ಎಂದು ನಕ್ಕೆ. ಅಲ್ಲಿಯ ಕ್ಷೇತ್ರ ಕೆಲಸ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳಿಗೆ ಒಂದು ಈಮೇಲ್ ಕಳಿಸಿದೆ: ಈ ಮನುಷ್ಯ ದಿನಾ ನಿಜವಾಗಿ ಗೇಜಿನ ಹತ್ತಿರ ಹೋಗುತ್ತಾನೆಯೇ, ಕೇಳಿ. ಆಮೇಲೆ ಉತ್ತರಕ್ಕೂ ಕಾಯದೆ ಕೆಂಪು ಗೆರೆ ಎಳೆದೆ.

ಏಳನ್ನು ಬಿಟ್ಟ ಮೇಲೆ ಕಂಪ್ಯೂಟರಿನ ನದಿ, ನಮ್ಮ ಮಾತಿನಲ್ಲಿ ಮಾಡೆಲ್, ಹೂ ಎತ್ತಿದ ಹಾಗೆ ಕೂತಿತು. ಉಳಿದ ಗೇಜುಗಳ ಗೆರೆಯೂ ನನ್ನ ಲೆಕ್ಕದ ಗೆರೆಯೂ ಒಂದರ ಮೇಲೊಂದು ಬಂದವು. ಬಂಡೆ ತೆಗೆದು ಓಡಿಸಿದರೆ ಅದರ ಹತ್ತಿರ ಸ್ವಲ್ಪ ಇಳಿತ, ಮೇಲಕ್ಕೆ ಹೋದಂತೆ ಏನೂ ಇಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ನನ್ನ ಮೇಜಿನ ಮೇಲೆ ಎರಡು ಸಲ ಬಡಿದು ‘ಗ್ರೇಟ್ ಜಾಬ್’ ಎಂದ. ನಮ್ಮಲ್ಲೊಬ್ಬರು ಮೈಸೂರಿನ ಹಿರಿಯ ಇಂಜಿನಿಯರ್ ಇದ್ದರು, ನನ್ನ ಲೆಕ್ಕವನ್ನೆಲ್ಲ ಪರಿಶೀಲಿಸಿ ಸಹಿ ಹಾಕಬೇಕಾದವರು. ಅವರೂ ಫ್ಯಾಕ್ಸ್ ಪುಟಗಳ ಮೇಲೆ ಕಣ್ಣಾಡಿಸಿ, “ಸರಿ ಹಿಡಿದಿದ್ದೀಯಮ್ಮ” ಎಂದು ‘ಚೆಕ್ಡ್ ಬೈ’ ಚೌಕದಲ್ಲಿ ಇನಿಷಿಯಲ್ ಹಾಕಿದರು. ಕರಡು ವರದಿ ಹೋಯಿತು. ಅಂತಿಮ ವರದಿಗೆ ಐದು ವಾರ ಉಳಿದಿತ್ತು.

ಅಲ್ಲಿಗೆ ನಾನು ನೆಮ್ಮದಿಯಾಗಿ ಇರಬೇಕಿತ್ತು. ಇರಲಾಗಲಿಲ್ಲ. ಒಂದು ಲೆಕ್ಕ ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಕಾಲುವೆ ಕೆಲಸದಲ್ಲಿ ದಂಡೆ ಮೀರಿ ಹೊರಗೆ ಹೋದ ನೀರನ್ನು ನಾವು ನಷ್ಟ ಎಂದು ಬರೆಯುತ್ತೇವೆ. ಅದೇ ಕೈಯಲ್ಲಿ ಇಲ್ಲಿಯೂ ನದಿಯಿಂದ ಹುಲ್ಲುಗಾವಲಿಗೆ ಹೋದ ನೀರನ್ನೆಲ್ಲ ನಷ್ಟದ ಖಾತೆಗೆ ಹಾಕಿದ್ದೆ. ಕೂಡಿಸಿ ನೋಡಿದರೆ ಆ ನಷ್ಟ ಬೆಟ್ಟದಷ್ಟು. ಬಿಸಿಲಿಗೆ ಆವಿಯಾಯಿತು ಎಂದುಕೊಂಡೆ. ಆವಿಯ ಲೆಕ್ಕ ಹಾಕಿದರೆ ಅಲ್ಲಿಯ ಸೂರ್ಯ ಎಷ್ಟು ಕುಡಿದರೂ ಅಷ್ಟು ಮುಗಿಯುವುದಿಲ್ಲ. ಭೂಮಿ ಹೀರಿತು ಎಂದುಕೊಂಡೆ. ಅಲ್ಲಿಯ ನೆಲ ಮೊದಲೇ ನೆನೆದು ನಿಂತದ್ದು. ಹಾಗಾದರೆ ನೀರು ಎಲ್ಲಿ ಹೋಯಿತು?

ಆ ಭಾನುವಾರ ಬ್ರಿಡ್ಜ್‌ವಾಟರಿನ ದೇವಸ್ಥಾನಕ್ಕೆ ಹೋಗಿದ್ದೆವು. ಶುಕ್ರವಾರ ಜೋರು ಮಳೆಯಾಗಿ ನಿಂತಿತ್ತು, ಶನಿವಾರವೆಲ್ಲ ಬಿಸಿಲು. ಕಾರು ನಿಲ್ಲಿಸಿದ ಕಡೆ ಮೇಲಿನ ಹುಲ್ಲಿನ ಇಳುಕಲಿನಿಂದ ನೀರು ಇನ್ನೂ ಸಣ್ಣಗೆ ಹರಿದು ಟಾರಿನ ಮೇಲೆ ಬರುತ್ತಿತ್ತು. ಏಳು ವರ್ಷದ ಮಗಳು ರೇಷ್ಮೆ ಲಂಗ ಎತ್ತಿ ಹಿಡಿದು ದಾಟುತ್ತ, “ಅಮ್ಮಾ, ಇಟ್ಸ್ ನಾಟ್ ಈವನ್ ರೈನಿಂಗ್!” ಎಂದು ರೇಗಿದಳು. ನಾನು ಅಲ್ಲೇ ನಿಂತುಬಿಟ್ಟೆ. ಒಳಗೆ ಮಂಗಳಾರತಿಯ ಗಂಟೆ ಬಾರಿಸುತ್ತಿತ್ತು, ಗಂಡ ಎರಡು ಸಲ ಕರೆದರು. ಒಂದು ಅಂಗಳದಷ್ಟು ಹುಲ್ಲೇ ಎರಡು ದಿನ ನೀರು ಹಿಡಿದಿಟ್ಟುಕೊಂಡು ಬಿಡುವುದಾದರೆ, ಜಿಲ್ಲೆಗಟ್ಟಲೆ ಹುಲ್ಲು ಎಷ್ಟು ತಿಂಗಳು ಹಿಡಿದೀತು?

ಸೋಮವಾರ ಫೋನು ಹಚ್ಚಿ ಆ ಕ್ಷೇತ್ರದ ಹೆಣ್ಣುಮಗಳಿಗೆ ಏಳನೆಯ ಗೇಜಿನ ಮೂಲ ಪುಟಗಳನ್ನು ಕಳಿಸಲು ಕೇಳಿದೆ. ಅವಳ ದನಿ ತಣ್ಣಗಿತ್ತು. “ಅವನ ಪುಸ್ತಕ ಉದ್ದಗಲ ದೊಡ್ಡದು. ಫ್ಯಾಕ್ಸ್ ಯಂತ್ರ ಎಡಗಡೆಯ ಅರ್ಧ ಮಾತ್ರ ಹಿಡಿಯಿತು ಅಂತ ನಾನು ಆಗಲೇ ಬರೆದಿದ್ದೆ, ಯಾರೂ ಉತ್ತರ ಕೊಡಲಿಲ್ಲ” ಎಂದಳು. ಆ ಈಮೇಲ್ ಹುಡುಕಿದೆ. ನನಗೇ ಬಂದಿತ್ತು. ಓದಿಯೂ ಇದ್ದೆ.

ಕೊರಿಯರಿನಲ್ಲಿ ಪುಟಗಳು ಬಂದವು. ಬಲಗಡೆಯ ಅರ್ಧದಲ್ಲಿ ಪ್ರತಿ ದಿನದ ಎದುರೂ ಪೋರ್ಚುಗೀಸಿನಲ್ಲಿ ಒಂದೆರಡು ಸಾಲು. ನಮ್ಮ ಕಟ್ಟಡದ ಕೆಳಗಿನ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಬ್ರೆಜಿಲಿನ ಹೆಂಗಸೊಬ್ಬಳು ಕೆಲಸ ಮಾಡುತ್ತಿದ್ದಳು, ದಿನಾ ನ್ಯೂವರ್ಕಿನಿಂದ ರೈಲಿನಲ್ಲಿ ಬರುವವಳು. ಊಟದ ಗದ್ದಲ ಮುಗಿದ ಮೇಲೆ ಹೋಗಿ ಓದಿ ಹೇಳುತ್ತೀಯಾ ಎಂದೆ. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಎದುರು ಕುರ್ಚಿಯಲ್ಲಿ ಕೂತಳು.

“ಇಲ್ಲಿ ಮೊದಲ ಪುಟದಲ್ಲೇ ಬರೆದಿದ್ದಾನೆ ನೋಡಿ. ದಿನಾ ಪೆನ್ಸಿಲಿನಲ್ಲಿ ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನಂತೆ. ತಿಂಗಳ ಕೊನೆಗೆ ಹೆಂಡತಿ ಇದರಲ್ಲಿ ನಕಲು ಮಾಡುತ್ತಾಳೆ, ಅವಳ ಅಕ್ಷರ ಚೆಂದವಂತೆ.”

ಒಂದೇ ಶಾಯಿ, ಒಂದೇ ಕೈ, ಚಿತ್ತಿಲ್ಲ. ಅವಳು ಬೆರಳಿಟ್ಟು ಓದುತ್ತಾ ಹೋದಳು, ನಾನು ಬರೆದುಕೊಂಡೆ.

“ಮಳೆ ಇಲ್ಲ. ನೀರು ಎರಡು ಬೆರಳು ಏರಿದೆ. ಉತ್ತರದ ನೀರು ಬರುತ್ತಿದೆ, ಕರುಗಳನ್ನು ದಿಬ್ಬಕ್ಕೆ ಹೊಡೆದೆ.”

“ಮಳೆ ಇಲ್ಲ. ನೀರು ಚಹಾದ ಬಣ್ಣ. ಹುಲ್ಲು ಕೊಳೆಯುತ್ತಿದೆ, ಮೀನು ಮೇಲೆ ಬಂದು ಬಾಯಿ ತೆರೆಯುತ್ತಿವೆ.”

“ಬಸವನಹುಳು ಗೂಟದ ಮೇಲೆ ಗುಲಾಬಿ ಮೊಟ್ಟೆ ಇಟ್ಟಿದೆ, ನೀರಿಗಿಂತ ಒಂದು ಗೇಣು ಎತ್ತರ. ನೀರು ಇನ್ನೂ ಏರುತ್ತದೆ.”

“ಜ್ವರ. ಹೆಂಡತಿ ಹೋಗಿ ನೋಡಿ ಬಂದಳು.”

“ಇವತ್ತು ಯಾರೂ ಹೋಗಲಿಲ್ಲ.”

ಆ ದಿನದ ಎದುರು ಸಂಖ್ಯೆಯ ಜಾಗ ಖಾಲಿ. ಫ್ಯಾಕ್ಸಿನಲ್ಲೂ ಖಾಲಿಯೇ ಇತ್ತು, ಯಂತ್ರ ನುಂಗಿತು ಎಂದುಕೊಂಡಿದ್ದೆ. ಮನೆಯಲ್ಲಿ ಕೂತು ಬರೆಯುವವನು ಒಂದು ದಿನವನ್ನೂ ಖಾಲಿ ಬಿಡುವುದಿಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಉತ್ತರದಲ್ಲಿ ಮಾರ್ಚಿನ ತನಕ ಸುರಿದ ಮಳೆ ಹುಲ್ಲಿನಲ್ಲಿ ತಡೆದು ತಡೆದು ಜೂನಿಗೆ ಅವನ ಗೂಟದ ಬಳಿ ಬರುತ್ತಿತ್ತು. ನಾನು ನಷ್ಟ ಎಂದು ಬರೆದ ನೀರು ಅವನ ದನಗಳ ಕಾಲಡಿಯಲ್ಲಿತ್ತು.

ಕೊನೆಯ ಪುಟದಲ್ಲಿ ಅವಳ ಬೆರಳು ನಿಂತಿತು. ಒಮ್ಮೆ ಒಳಗೊಳಗೇ ಓದಿಕೊಂಡು ಆಮೇಲೆ ನನಗೆ ಹೇಳಿದಳು: “ನ್ಯೂಜೆರ್ಸಿಯಿಂದ ಕೇಳಿದ್ದಾರೆ, ದಿನಾ ನಿಜವಾಗಿ ಹೋಗುತ್ತೀಯಾ ಅಂತ. ಮಳೆ ಇಲ್ಲ. ನೀರು ಒಂದು ಬೆರಳು ಏರಿದೆ. ಹೋಗಿದ್ದೆ.”

“ಯಾರಿಗೆ ಅನುಮಾನ ಬಂದಿತ್ತು ಇವನ ಮೇಲೆ?” ಎಂದು ಕೇಳಿದಳು.

“ನನಗೇ” ಎಂದೆ. ಅವಳು ಎದ್ದು ಹೋಗಿ ಕೌಂಟರ್ ಒರೆಸತೊಡಗಿದಳು.

ಮರುದಿನದಿಂದ ಮಾಡೆಲ್ಲನ್ನು ಬಿಚ್ಚಿದೆ. ನಷ್ಟ ಎಂಬ ಸಾಲನ್ನೇ ಅಳಿಸಿದೆ. ಹುಲ್ಲುಗಾವಲನ್ನು ತಟ್ಟೆಗಳ ಹಾಗೆ ಅಗಲವಾದ, ಆಳವಿಲ್ಲದ ಭಾಗಗಳಾಗಿ ಒಡೆದೆ. ಒಂದು ತಟ್ಟೆ ತುಂಬಿದರೆ ಅದರ ಅಂಚು ದಾಟಿ ಪಕ್ಕದ ತಟ್ಟೆಗೆ, ನದಿ ಇಳಿದರೆ ವಾಪಸು ನದಿಗೆ. ಹೇಳುವುದು ಸುಲಭ. ಮೊದಲ ಸಲ ಓಡಿಸಿದಾಗ ತಟ್ಟೆಗಳು ಒಂದರೊಳಗೊಂದು ನೀರು ಎರಚಾಡಿ, ಒಂದರಲ್ಲಿ ಸೊನ್ನೆಗಿಂತ ಕಡಿಮೆ ನೀರು ಬಂದು ಎಲ್ಲ ಕುಸಿದುಬಿತ್ತು. ಕಿಲೋಮೀಟರಿಗೆ ಕೆಲವೇ ಸೆಂಟಿಮೀಟರ್ ಇಳಿಜಾರಿನ ನೆಲವದು, ನೀರಿಗೂ ಯಾವ ಕಡೆ ಹೋಗಬೇಕೆಂದು ತಿಳಿಯುವುದಿಲ್ಲ. ಗಂಟೆಗೊಮ್ಮೆ ಹಾಕಿಸುತ್ತಿದ್ದ ಲೆಕ್ಕವನ್ನು ಕೆಲವು ನಿಮಿಷಕ್ಕೊಮ್ಮೆ ಹಾಕಿಸಿದೆ. ಒಂದು ಸಲ ಓಡಲು ಇಡೀ ಹಗಲು ಬೇಕಾಯಿತು. ಆಮೇಲೆ ನೀರು ಬಂತು, ಆದರೆ ಜೂನಿಗೆ ಬರಬೇಕಾದದ್ದು ಏಪ್ರಿಲ್ಲಿಗೇ ಬಂತು. ನದಿಯ ಕವಲುಗಳಲ್ಲಿ ಅಂತರಗಂಗೆಯಂಥ ತೇಲುಗಿಡಗಳು ಹಾಸಿನಂತೆ ಕಟ್ಟಿ ನೀರನ್ನು ತಡೆಯುತ್ತವೆ ಎಂದು ಅವನೇ ಅಂಚಿನಲ್ಲಿ ಬರೆದಿದ್ದ. ಆ ತಡೆ ಸೇರಿಸಿದೆ.

ಇದನ್ನೆಲ್ಲ ಬೇರೆ ಕೆಲಸಗಳ ಸಂದಿಯಲ್ಲಿ, ಮ್ಯಾನೇಜರಿಗೆ ಹೇಳದೆ ಮಾಡುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಂಪ್ಯೂಟರ್ ಲೆಕ್ಕ ಮಾಡುವಾಗ ಆಫೀಸಿನ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ, ರೈಲ್ವೆ ಸ್ಟೇಷನ್ನಿನ ತನಕ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮೂರನೆಯ ವಾರದ ಗುರುವಾರ ಸಂಜೆ ಪರದೆಯ ಮೇಲೆ ಗೆರೆ ಬಂತು. ಮಳೆಯ ಸೊನ್ನೆಗಳ ಕೆಳಗೆ, ಜೂನಿನಲ್ಲಿ, ಏಳನೆಯ ಗೇಜಿನ ನೀರು ಏರುತ್ತಿತ್ತು. ಅವನ ಹೆಂಡತಿಯ ದುಂಡಕ್ಷರದ ಸಂಖ್ಯೆಗಳ ಪಕ್ಕಪಕ್ಕದಲ್ಲೇ ಏರುತ್ತಿತ್ತು. ಕಣ್ಣು ತುಂಬಿಬಂತು, ಏಕೆಂದರೆ ಮುಂದಿನದು ಆಗಲೇ ಗೊತ್ತಾಗಿತ್ತು. ಶುಕ್ರವಾರ ಬಂಡೆ ತೆಗೆದು ಓಡಿಸಿದೆ. ಮೇಲ್ಭಾಗದಲ್ಲಿ ನದಿ ಹೆಚ್ಚೇನೂ ಇಳಿಯಲಿಲ್ಲ, ಒಂದು ಗೇಣಿನ ಹತ್ತಿರ ಅಷ್ಟೇ. ಆದರೆ ಆ ನೆಲಕ್ಕೆ ಒಂದು ಗೇಣು ಸಾಕು. ನೀರು ಅಂಚು ದಾಟಲಿಲ್ಲ. ತಟ್ಟೆಗಳು ಒಂದೊಂದಾಗಿ ಒಣಗಿ ಉಳಿದವು. ಮೀನು ಮರಿ ಬೆಳೆಯುವ, ಕೊಕ್ಕರೆಗಳು ಇಳಿಯುವ, ನೀರು ಹಿಂದೆ ಸರಿದ ಮೇಲೆ ದನಗಳಿಗೆ ಹಸಿರು ಬರುವ ಜಾಗಗಳವು. ನನ್ನ ಇನಿಷಿಯಲ್ ಇದ್ದ ಕರಡು ಮಾತ್ರ ಮೇಲ್ಭಾಗಕ್ಕೆ ಏನೂ ಆಗುವುದಿಲ್ಲ ಎಂದು ಹೇಳುತ್ತಿತ್ತು.

ಹಿರಿಯರಿಗೆ ಪುಟಗಳನ್ನೂ ಗೆರೆಗಳನ್ನೂ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಮ್ಮಾ, ಇನ್ನು ಎರಡು ವಾರದಲ್ಲಿ ಫೈನಲ್ ಹೋಗತ್ತೆ. ಒಂದು ಫುಟ್‌ನೋಟ್ ಹಾಕಿಬಿಡು. ಸ್ಟೇಷನ್ ಸೆವೆನ್ ಪರಿಗಣಿಸಿಲ್ಲ ಅಂತ. ಸುಳ್ಳು ಹೇಳಿದ ಹಾಗೂ ಆಗಲ್ಲ.”

“ಫುಟ್‌ನೋಟ್ ಯಾರು ಓದ್ತಾರೆ ಸಾರ್?”

“ಯಾರೂ ಓದಲ್ಲ. ಅದಕ್ಕೇ ಹೇಳಿದ್ದು.” ಆಮೇಲೆ ದನಿ ತಗ್ಗಿಸಿ, “ನಿನ್ನ ಗ್ರೀನ್ ಕಾರ್ಡ್ ಫೈಲ್ ಈ ಕಂಪನಿಯವರ ಕೈಲಿದೆ. ಯಜಮಾನರು ಬೇರೆ ಬೆಂಚ್ ಮೇಲಿದ್ದಾರೆ. ಸ್ವಲ್ಪ ಯೋಚನೆ ಮಾಡು” ಎಂದರು.

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಗಂಡನನ್ನು ಅವರ ಕನ್ಸಲ್ಟಿಂಗ್ ಕಂಪನಿ ಕೆಲಸವಿಲ್ಲದೆ ಕೂರಿಸಿ ಎರಡು ತಿಂಗಳಾಗಿತ್ತು, ಯಾವತ್ತು ಬೇಡ ಅನ್ನುತ್ತಾರೋ ಗೊತ್ತಿರಲಿಲ್ಲ. ನಾವು ಮೂವರೂ ಈ ದೇಶದಲ್ಲಿ ನಿಲ್ಲುವುದು ನನ್ನ ಕೆಲಸದ ಮೇಲೆ ನಿಂತಿತ್ತು. ಇತ್ತ ಈ ವರದಿ ಹಾಗೇ ಹೋದರೆ ಅತ್ತ ಬಂಡೆ ಹೋಗುತ್ತದೆ. ಶನಿವಾರ ಅಡುಗೆಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ.

“ಫುಟ್‌ನೋಟ್ ಹಾಕಿದ್ರ ಏನಾಗತೈತಿ?” ಎಂದರು.

“ನನಗ ಏನೂ ಆಗಂಗಿಲ್ರಿ.”

“ನಿನ್ನ ವೀಸಾದ ಮ್ಯಾಲ ಈ ಮನಿ ನಿಂತೈತಿ. ಗೊತ್ತೈತಿಲ್ಲ?”

“ಗೊತ್ತೈತ್ರಿ.”

“ಗೊತ್ತಿದ್ದೂ ಹೇಳಾಕಿ ನೀ.”

“ಹೂಂನ್ರಿ.”

ಅವರು ಕಿಟಕಿಯ ಹೊರಗೆ ನೋಡಿದರು. ಮುಖದಲ್ಲಿ ಹೆದರಿಕೆ ಇತ್ತು, ಮುಚ್ಚಿಡಲಿಲ್ಲ. “ಹೇಳೂದಾದ್ರ ಲಗೂನ ಹೇಳಿಬಿಡು ಮಾರಾಯ್ತಿ. ಮೂರು ವಾರದಿಂದ ಮನ್ಯಾಗ ನಿನ್ನ ಅಡ್ಡಾಟ ನೋಡಿ ನೋಡಿ ನನಗ ತಲಿ ತಿರಗಾಕತೈತಿ” ಎಂದರು. ಅವರ ಭುಜಕ್ಕೆ ಹಣೆ ಹಚ್ಚಿ ನಾನು ಅತ್ತುಬಿಟ್ಟೆ.

ಸೋಮವಾರ ಎರಡು ಪುಟದ ಪತ್ರ ಬರೆದೆ. ತಪ್ಪು ನನ್ನದು, ಗೇಜು ಓದಿದವನದಲ್ಲ. ಕರಡಿನ ನಾಲ್ಕನೆಯ ಅಧ್ಯಾಯ ವಾಪಸು ಪಡೆಯಬೇಕು. ಹೊಸ ಲೆಕ್ಕ ಜೊತೆಗಿದೆ. ಪತ್ರ ಹಿಡಿದು ಮ್ಯಾನೇಜರ್ ಕೋಣೆಗೆ ಹೊರಟರೆ ಹಿಂದೆ ಹೆಜ್ಜೆ ಸಪ್ಪಳ. ಹಿರಿಯರು ಟೈ ಸರಿಮಾಡಿಕೊಳ್ಳುತ್ತಾ ಬರುತ್ತಿದ್ದರು. “ನನ್ನ ಇನಿಷಿಯಲ್ಲೂ ಇದೆಯಲ್ಲಮ್ಮ ಅದರ ಮೇಲೆ” ಎಂದರು.

ಮ್ಯಾನೇಜರ್ ಎರಡು ಸಲ ಓದಿದ. ಅವನ ಕತ್ತು ಕೆಂಪಾಯಿತು. “ಒಬ್ಬ ದನ ಕಾಯುವವನ ನೋಟ್‌ಬುಕ್ ನಂಬಿ ಇಡೀ ವರದಿ ತಿರುಗಿಸಬೇಕಾ?”

“ಅವನು ಗೇಜಿನ ಹತ್ತಿರ ಹೋಗಿದ್ದ. ನಾವು ಯಾರೂ ಹೋಗಿರಲಿಲ್ಲ” ಎಂದೆ.

“ಇದನ್ನು ಚೆಕ್ ಮಾಡಿದ್ದು ಯಾರು?”

“ನಾನು,” ಎಂದರು ಹಿರಿಯರು. “ಅರ್ಧ ಪುಟ ನೋಡಿ ಸಹಿ ಹಾಕಿದೆ.”

ಆಮೇಲಿನ ಎರಡು ವಾರ ಮೇಲಿನವರು ನನ್ನ ಲೆಕ್ಕವನ್ನು ಹೊರಗಿನ ಒಬ್ಬರಿಗೆ ಕೊಟ್ಟು ಜಾಲಾಡಿಸಿದರು. ನನ್ನನ್ನು ಕಾಫಿಗೆ ಕರೆಯುವವರು ಕಡಿಮೆಯಾದರು. ಲೆಕ್ಕ ನಿಂತಿತು. ವರದಿ ಬದಲಾಗಿ ಹೋಯಿತು. ‘ಬಂಡೆ ತೆಗೆದರೆ ಮೇಲ್ಭಾಗದ ಹುಲ್ಲುಗಾವಲುಗಳಿಗೆ ನೆರೆ ತಲುಪುವುದಿಲ್ಲ’ ಎಂಬ ವಾಕ್ಯ ಫುಟ್‌ನೋಟಿನಲ್ಲಲ್ಲ, ಮೊದಲ ಪುಟದಲ್ಲಿತ್ತು. ಕೆಲಸ ಕೊಟ್ಟವರು ಮುಂದಿನ ಹಂತವನ್ನು ನಮಗೆ ಕೊಡಲಿಲ್ಲ. ಅದಾಗಿ ಎರಡು ತಿಂಗಳಿಗೆ ನಮ್ಮ ವಿಭಾಗದಲ್ಲಿ ಮೂವರನ್ನು ತೆಗೆದರು. ಅದರಲ್ಲಿ ನಾನೂ ಒಬ್ಬಳು. ಆ ಸಿಟ್ಟಿಗೇ ತೆಗೆದರೋ, ಕೆಲಸ ಇಲ್ಲವೆಂದು ತೆಗೆದರೋ, ಇವತ್ತಿಗೂ ಗೊತ್ತಿಲ್ಲ. ಗ್ರೀನ್ ಕಾರ್ಡಿನ ಫೈಲು ಅಲ್ಲಿಗೇ ಮುಗಿಯಿತು. ಸರತಿಯಲ್ಲಿ ಮತ್ತೆ ಕೊನೆಗೆ ಹೋಗಿ ನಿಂತೆವು. ಕ್ಷೇತ್ರದ ಹೆಣ್ಣುಮಗಳಿಗೆ ಪತ್ರ ಬರೆದು, ಆ ದನ ಕಾಯುವವನಿಗೆ ಓದಿ ಹೇಳಿ, ನ್ಯೂಜೆರ್ಸಿಯವಳು ಕ್ಷಮೆ ಕೇಳಿದ್ದಾಳೆ ಎಂದೆ. “ಹೇಳಿದೆ, ತಲೆಯಾಡಿಸಿ ದನ ಹೊಡೆದುಕೊಂಡು ಹೋದ” ಎಂದು ಅವಳು ಉತ್ತರ ಬರೆದಳು.

ವೀಸಾ ಕೈಬಿಡುವ ಮೊದಲು ಮನ್ರೋದಲ್ಲಿ ಒಂದು ಸಣ್ಣ ಕಂಪನಿ ಸಿಕ್ಕಿತು. ಅಲ್ಲಿ ಹೊಸ ಮನೆಗಳ ಬಡಾವಣೆಗಳು ಏಳುತ್ತಿದ್ದವು, ಪ್ರತಿ ಬಡಾವಣೆಗೂ ಮಳೆನೀರು ನಿಲ್ಲಿಸಲು ಒಂದು ಹೊಂಡ. ಆ ಹೊಂಡಗಳ ಮಟ್ಟ ಬರೆದಿಡುವುದು ನನ್ನ ಕೆಲಸ. ಜಿಲ್ಲೆಗಟ್ಟಲೆ ನೀರಿನಿಂದ ಬಂದವಳಿಗೆ ಬಚ್ಚಲಿನಷ್ಟು ನೀರು. ಮೊದಲ ವಾರ ಅಲ್ಲಿಯ ಸಹೋದ್ಯೋಗಿ ಹೇಳಿದ, “ಮಳೆ ಬರದ ದಿನ ಹೋಗಬೇಡ. ಹಿಂದಿನ ದಿನದ ನಂಬರನ್ನೇ ಹಾಕು. ಎಲ್ಲರೂ ಹಾಗೇ ಮಾಡೋದು.”

ಆವತ್ತು ನಾಲ್ಕು ದಿನದಿಂದ ಬಿಸಿಲಿತ್ತು. ಕಾರಿನ ಡಿಕ್ಕಿಯಿಂದ ರಬ್ಬರ್ ಬೂಟು ತೆಗೆದು ಹಾಕಿಕೊಂಡು, ಕೆಸರು ತುಳಿದು ಹೊಂಡದ ನಡುವಿನ ಗೂಟದ ತನಕ ಹೋದೆ. ಬಗ್ಗಿ ನೋಡಿದೆ. ಪೆನ್ಸಿಲಿನಲ್ಲಿ ಸಂಖ್ಯೆ ಬರೆದೆ. ಪಕ್ಕದಲ್ಲಿ ಖಾಲಿ ಜಾಗವಿತ್ತು, ಕನ್ನಡದಲ್ಲಿ ಬರೆದೆ: ಮಳೆ ಇಲ್ಲ. ನೀರು ಒಂದು ಬೆರಳು ಏರಿದೆ. ಹೋಗಿದ್ದೆ.